ಭಾವನ ನಗೆಗೊಂದು ಸಾಫ್ಟ್‌ವೇರು

ಫೋಟೋ ಎಂದರೆ ಇವತ್ತಿಗೂ ನನ್ನ ಕಿವಿಯಲ್ಲಿ ಮೊದಲು ಕೇಳುವುದು ‘ಟಕ್’ ಎನ್ನುವ ಸದ್ದು. ಕ್ಯಾಮೆರಾದ್ದು ಅಂದುಕೊಂಡಿರೇನೋ, ಅಲ್ಲ. ಸಿಕಂದರಾಬಾದಿನ ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರ ಕೈಯಲ್ಲಿ ಎರಡು ಮರದ ಪಟ್ಟಿಗಳನ್ನು ಜೋಡಿಸಿದ ಒಂದು ಪುಟ್ಟ ಸಾಧನ ಇರುತ್ತಿತ್ತು. ಟಕ್ ಎಂದರೆ ಏಳಬೇಕು, ಮತ್ತೆ ಟಕ್ ಎಂದರೆ ಮಂಡಿಯೂರಬೇಕು. ವರ್ಷಕ್ಕೊಮ್ಮೆ ಗ್ರೂಪ್ ಫೋಟೋದ ದಿನ ಮಾತ್ರ ಅದೇ ಸದ್ದಿಗೆ ಬೇರೆ ಅರ್ಥ: ಚಿನ್ ಅಪ್, ಲಿಪ್ಸ್ ಕ್ಲೋಸ್ಡ್. “ಗರ್ಲ್ಸ್, ಎ ಲೇಡಿ ಡಸ್ ನಾಟ್ ಷೋ ಹರ್ ಟೀತ್ ಟು ಎ ಸ್ಟ್ರೇಂಜರ್” ಎನ್ನುತ್ತಿದ್ದರು ಸಿಸ್ಟರ್. ಸ್ಟ್ರೇಂಜರ್ ಅಂದರೆ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಬೆವರುತ್ತಿದ್ದ ಪಾಪದ ಫೋಟೋಗ್ರಾಫರು. ನಮ್ಮ ಹಲ್ಲು ನೋಡಿ ಅವರಿಗೇನಾಗಬೇಕಿತ್ತೋ. ಹೀಗಾಗಿ ನನ್ನ ಬಾಲ್ಯದ ಫೋಟೋಗಳಲ್ಲೆಲ್ಲ ನಾವು ಎಕ್ಸ್‌ರೇಗೆ ಕಾದು ಕುಳಿತ ರೋಗಿಗಳ ಹಾಗೆ ಕಾಣುತ್ತೇವೆ. ಅಷ್ಟೂ ಫೋಟೋಗಳನ್ನು ಯಾರೂ ತಿದ್ದಲಿಲ್ಲ, ತೀಡಲಿಲ್ಲ. ಇದ್ದದ್ದು ಇದ್ದ ಹಾಗೆ ರಟ್ಟಿಗೆ ಅಂಟಿತು, ಮುಗಿಯಿತು. ಆ ಕಾಲದಲ್ಲಿ ಹುಟ್ಟಿದ ನಾನು ಈ ವಯಸ್ಸಿನಲ್ಲಿ ಒಂದೇ ಒಂದು ಫೋಟೋ ತಿದ್ದಲು ಫೋನಿನಲ್ಲೊಂದು, ಟ್ಯಾಬಿನಲ್ಲೊಂದು, ಕಂಪ್ಯೂಟರಿನಲ್ಲೊಂದು ಸಾಫ್ಟ್‌ವೇರ್ ಹಾಕಿಕೊಂಡು ತಾರ್ನಾಕದ ನನ್ನ ಮನೆಗೂ ನಾರಾಯಣಗೂಡದ ಅಕ್ಕನ ಮನೆಗೂ ನಡುವೆ ಆಟೋದಲ್ಲಿ ಓಡಾಡಿದ್ದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳದೆ ವಿಧಿಯಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಅಕ್ಕನ ಗಂಡ, ನಮ್ಮ ಭಾವ. ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಮನೆಯಲ್ಲಿ ಇವರಷ್ಟು ನಗುವ, ನಗಿಸುವ ಗಂಡಸನ್ನು ನಾನು ನೋಡಿಲ್ಲ. ಆದರೆ ಕ್ಯಾಮೆರಾ ಎದುರಿಗೆ ಬಂದರೆ ಸಾಕು, ಕೋರ್ಟಿನಲ್ಲಿ ಸಾಕ್ಷಿ ಹೇಳಲು ಬಂದವರ ಮುಖ. ಮದುವೆ ಫೋಟೋದಲ್ಲಿ ಅದೇ ಮುಖ, ಷಷ್ಟ್ಯಬ್ದಿ ಫೋಟೋದಲ್ಲಿ ಅದೇ ಮುಖ. ತಿರುಪತಿಯಲ್ಲಿ ಕ್ಷೌರ ಮಾಡಿಸಿಕೊಂಡು ತೆಗೆಸಿದ್ದರಲ್ಲೂ ಅದೇ ಮುಖ, ಕೂದಲಷ್ಟೇ ಇಲ್ಲ. ಅಕ್ಕನಿಗೆ ಇದು ಜೀವನದ ದೊಡ್ಡ ಕೊರಗು. ಬಳಗಕ್ಕೆ ಬಂದ ಹೊಸ ಸೊಸೆಯಂದಿರು ಆಲ್ಬಂ ತಿರುವಿ, “ಅಜ್ಜಾರು ಭಾಳ ಸಿಟ್ಟಿನವರಿದ್ರೇನ್ರಿ?” ಎಂದು ಮೆಲ್ಲಗೆ ಕೇಳುತ್ತಾರಂತೆ.

“ನಾಳೆ ನಾವಿಬ್ರೂ ಹೋದಮ್ಯಾಲೆ ಉಳಿಯೂದು ಈ ಫೋಟೋನs ಇಂದೂ,” ಎಂದಳು ಒಂದು ದಿನ. “ನೋಡಿದವ್ರೆಲ್ಲಾ, ಪಾಪ ಈ ಹೆಣಮಗಳು ಇಂಥಾವನ ಜೋಡಿ ಹೆಂಗ ಬಾಳೇ ಮಾಡಿದ್ಲೋ ಅಂತಾರ. ಅವ್ರು ನಗತಿದ್ರು, ನನ್ನ ನಗಸತಿದ್ರು ಅಂತ ನಾ ಎದ್ದು ಬಂದು ಹೇಳಲೇನು?”

ಹೀಗಿರುವಾಗ ಒಂದು ಬೆಳಿಗ್ಗೆ ಪವಾಡ ನಡೆಯಿತು. ಅಕ್ಕ–ಭಾವ ಇಬ್ಬರೂ ತಮ್ಮ ಹಾಲಿನಲ್ಲಿ ಷೋಕೇಸಿನ ಮುಂದೆ ಕುಳಿತಿದ್ದರು. ನಾನು ಫೋನು ಎತ್ತಿ ಹಿಡಿದೆ. ಭಾವ ಎಂದಿನಂತೆ ಸಾಕ್ಷಿ ಮುಖ ಹಾಕಿದರು. ನಾನು ಗುಂಡಿ ಹುಡುಕುತ್ತ, ಫೋನನ್ನು ಅಡ್ಡ ಮಾಡುತ್ತ, ಉದ್ದ ಮಾಡುತ್ತ, ಕೊನೆಗೂ ಒತ್ತುವ ಹೊತ್ತಿಗೆ ಅವರು ಇದ್ದಕ್ಕಿದ್ದಂತೆ ಬಾಯಿ ತೆರೆದು ನಕ್ಕುಬಿಟ್ಟರು. ಬಿದ್ದ ಹಲ್ಲಿನ ಸಂದಿ ಕಾಣುವಂಥ, ಭುಜ ಕುಣಿಯುವಂಥ ನಗು. ಪಕ್ಕದಲ್ಲಿ ಅಕ್ಕ ಅವರ ಕಡೆ ತಿರುಗಿ ಹೊಸ ಮದುವಣಗಿತ್ತಿಯ ಹಾಗೆ ನೋಡುತ್ತಿದ್ದಾಳೆ. ಫೋಟೋ ಅಂದರೆ ಅದು!

ಆದರೆ ಅದರ ಸುತ್ತಲಿನ ಸಂಸಾರ ಕೇಳಬೇಡಿ. ಭಾವನ ಬಲಕ್ಕೆ ಆಗಷ್ಟೇ ಬಂದಿಳಿದ ಗ್ಯಾಸ್ ಸಿಲಿಂಡರ್. ಅಕ್ಕನ ತಲೆಯ ಮೇಲೆ ಕುರ್ಚಿಗೆ ಒಣಹಾಕಿದ ಟವೆಲ್ಲಿನ ತುದಿ. ಹಿಂದೆ ಷೋಕೇಸಿನ ಗಾಜಿನಲ್ಲಿ ಏನೋ ಒಂದು ಬಿಳಿ ಕಲೆ, ಯಾರೋ ಸುಣ್ಣದ ಕೈ ಒರೆಸಿದ ಹಾಗೆ. ಅಕ್ಕ ಫೋಟೋ ನೋಡಿದಳು, ಮತ್ತೆ ನೋಡಿದಳು, ಕಣ್ಣು ಒರೆಸಿಕೊಂಡಳು. ಮುಂದಿನ ವಾರ ಅವರ ಮದುವೆಯ ವಾರ್ಷಿಕೋತ್ಸವ. ಬಳಗವೆಲ್ಲ ಸೇರುವುದಿತ್ತು. “ಇದನ್ನ ದೊಡ್ಡದು ಮಾಡಿಸಿ, ಕಟ್ಟ ಹಾಕಿಸಿ ಹಾಲಿನ್ಯಾಗ ತೂಗಹಾಕೂದು. ಬಂದವರೆಲ್ಲಾ ನೋಡಬೇಕು. ಆ ಹಾಳಮೂಳ ಅಷ್ಟ ತೆಗದು ಕೊಡು. ನೀ ಇಂಗ್ಲೀಷ್ ಕಲತಾಕಿ ಅಲ್ಲೇನು, ಈಗ ಎಲ್ಲಾ ಕಂಪ್ಯೂಟರಿನ್ಯಾಗ ಆಗತೈತಂತ,” ಎಂದಳು. ಇಂಗ್ಲಿಷ್ ಕಲಿತ ತಪ್ಪಿಗೆ ನಾನು ಈ ಮನೆಯಲ್ಲಿ ಟಿವಿ ರಿಮೋಟು, ಔಷಧಿಯ ಚೀಟಿ, ವಾಷಿಂಗ್ ಮಷೀನು ಎಲ್ಲವನ್ನೂ ಓದಿದ್ದೇನೆ. ಇದೊಂದನ್ನು ಬಿಡಲೇ?

ಮೊದಲ ಸಾಫ್ಟ್‌ವೇರು ಫೋನಿನದು. ನಮ್ಮ ಎದುರು ಫ್ಲ್ಯಾಟಿನ ಪದ್ಮಾವತಿಗಾರು ಶಿಫಾರಸು ಮಾಡಿದ್ದು. ಬಿಟ್ಟಿ ಆ್ಯಪು. ಬಿಟ್ಟಿ ಎಂದರೆ, ಒಂದು ಗೆರೆ ತಿದ್ದುವುದಕ್ಕೆ ಒಂದು ಬಿರಿಯಾನಿಯ ಜಾಹೀರಾತು ನೋಡಬೇಕು. ಶುದ್ಧ ಶಾಕಾಹಾರಿಯಾದ ನನಗೆ ಫೋಟೋ ಮುಗಿಯುವ ಹೊತ್ತಿಗೆ ದಮ್ ಬಿರಿಯಾನಿ ಮಾಡುವ ಕ್ರಮ ಬಾಯಿಪಾಠವಾಗಿತ್ತು. ಅದರಲ್ಲೊಂದು ಮಂತ್ರದಂಡದ ಗುರುತು ಇತ್ತು. ರೀಟಚ್ ಅಂತೆ. ಒತ್ತಿದೆ. ಆಹಾ! ಅಕ್ಕನ ಮುಖದ ಸುಕ್ಕೆಲ್ಲ ಮಾಯ, ಕೆನ್ನೆ ನಾದಿಟ್ಟ ಮೈದಾ ಹಿಟ್ಟಿನ ಹಾಗೆ. ಆ ಕೆನ್ನೆಯ ಮೋಹದಲ್ಲಿ ಬೇರೇನನ್ನೂ ನೋಡದೆ ಅಕ್ಕನಿಗೆ ಕಳಿಸಿಬಿಟ್ಟೆ. ಒಂದು ಗುಟುಕು ಚಹಾ ಕುಡಿದಿರಲಿಲ್ಲ, ಫೋನು ಬಂತು.

“ಇಂದೂ, ನಾ ಏನ ಪಾಪ ಮಾಡೀನಿ ನಿನಗ? ಮಂಗಳವಾರ ಮುಂಜಮುಂಜಾನೆ ನನ್ನ ಹಣಿ ಬೋಳು ಮಾಡಿ ಕಳಿಸೀಯಲ್ಲ!”

ಗಾಬರಿಯಿಂದ ಫೋಟೋ ನೋಡಿದೆ. ನಿಜ. ಹಣೆಯ ಮೇಲಿನ ಕಾಸಗಲದ ಕುಂಕುಮ ಇಲ್ಲ, ಮೂಗುತಿಯೂ ಇಲ್ಲ. ಯಾವ ದೇಶದಲ್ಲಿ ಹುಟ್ಟಿದ ಆ್ಯಪೋ ಏನೋ, ಮುತ್ತೈದೆಯ ಕುಂಕುಮ ಅದರ ಕಣ್ಣಿಗೆ ಮೊಡವೆ! ಹಿಂದಿನಿಂದ ಭಾವನ ದನಿ ಕೇಳಿಸಿತು. “ನಾ ಇನ್ನೂ ಇಲ್ಲೇ ಅದೀನಿ ಅಂತ ಹೇಳು ಆಕಿಗೆ. ಈಗರೆ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡೀನಿ.” ಅಕ್ಕ ಆ ಸಂಜೆ ಅವರನ್ನು ಮಣೆಯ ಮೇಲೆ ಕೂರಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸಿದಳಂತೆ. “ಆ ದರಿದ್ರದ್ದನ್ನ ಮೊದಲ ತೆಗದು ಒಗಿ” ಎಂದು ನನಗೆ ಆಜ್ಞೆಯಾಯಿತು. ಒಗೆದೆ.

ಎರಡನೆಯದು ಟ್ಯಾಬಿನದು. ಪ್ರವಚನ ಕೇಳಲು ಅಕ್ಕನಿಗೆ ಸೊಸೆ ಮೇಘನಾ ಕೊಟ್ಟ ಟ್ಯಾಬು ಅದು, ಇರುವುದು ನಾರಾಯಣಗೂಡದಲ್ಲೇ. ಅಲ್ಲಿಗೇ ಹೋಗಿ ಕುಳಿತೆ. ಈ ಆ್ಯಪು ನೋಡಲು ಬಲು ಚೆಂದ, ಒಂದು ವಾರ ಬಿಟ್ಟಿ, ಆಮೇಲೆ ತಿಂಗಳ ಬಾಡಿಗೆ. ತೆರೆದ ಕೂಡಲೇ ಅನುಮತಿಗಳನ್ನು ಕೇಳತೊಡಗಿತು: ನಿಮ್ಮ ಲೊಕೇಷನ್ ಕೊಡಿ, ನಿಮ್ಮ ಪರಿಚಯದವರ ನಂಬರ್ ಕೊಡಿ, ಮೈಕ್ ಕೊಡಿ. ಭಾವ ಹೆಗಲ ಹಿಂದೆ ನಿಂತು ಒಂದೊಂದನ್ನೇ ಓದಿಸಿಕೊಂಡರು.

“ಫೋಟೋ ತಿದ್ದಾಕ ನಮ್ಮ ಮನಿ ಅಡ್ರೆಸ್ ಯಾಕ ಬೇಕ ಇದಕ್ಕ? ಹೆಣ್ಣ ನೋಡಾಕ ಬರಾವ್ರದಾರೇನು?”

“ಹಂಗs ಕೇಳತೈತ್ರಿ ಭಾವ, ಎಲ್ಲಾರನ್ನೂ.”

“ಹಂಗಾದ್ರ ಗೋತ್ರ ಒಂದು ಬಿಟ್ಟೈತಿ. ಅದನ್ನೂ ತುಂಬು, ಇಂದೂಬಾಯಿ.”

ಅನುಮತಿ ಕೊಟ್ಟು ಟವೆಲ್ಲು ತೆಗೆದೆವು, ಸಲೀಸಾಗಿ ಹೋಯಿತು. ಆಗ ಅಕ್ಕ ಇಣುಕಿದವಳೇ ಸಿಡಿದಳು. “ನನ್ನ ಸೀರಿ ಯಾಕ ಬದನಿಕಾಯಿ ಬಣ್ಣ ಆಗೈತಿ? ಅದು ಇಳಕಲ್ ಸೀರಿ. ದಾಳಿಂಬರ ಕೆಂಪು!” ಫೋನಿನಲ್ಲಿ ಅದೇ ಸೀರೆ ಟೊಮೆಟೋ ಬಣ್ಣವಿತ್ತು. ಯಾವ ಯಂತ್ರ ಸತ್ಯ ಹೇಳುತ್ತಿದೆ, ಯಾವುದು ಸುಳ್ಳು? ಭಾವ ಎಂಜಿನಿಯರ್ ತಲೆ ಓಡಿಸಿ, “ಅಸಲೀ ಸೀರೀನs ಒಯ್ದು ಕಂಪ್ಯೂಟರ್ ಬಾಜೂಕ ಇಟ್ಟು ತಾಳೆ ನೋಡು” ಎಂದರು. ಕೇಳಿದ ಕ್ಷಣಕ್ಕೆ ಬಹಳ ಸೈಂಟಿಫಿಕ್ ಎನ್ನಿಸಿತು. ಸೀರೆಯನ್ನು ಚೀಲದಲ್ಲಿ ಇಟ್ಟುಕೊಂಡು ತಾರ್ನಾಕಕ್ಕೆ ಬಂದೆ.

ಕಂಪ್ಯೂಟರಿನ ಸಾಫ್ಟ್‌ವೇರು ಮೂರನೆಯದು. ಅದು ದೊಡ್ಡವರ ಸಾಫ್ಟ್‌ವೇರಂತೆ, ಸಕಲವೂ ಸಾಧ್ಯವಂತೆ. ಸಾಧ್ಯ ಸರಿ, ಆದರೆ ಕಾರ್ಯಾಲಯದ ಶಿಸ್ತು. ಅಳಿಸಬೇಕೋ, ಮೊದಲು ಸೆಲೆಕ್ಟ್ ಮಾಡು. ಸೆಲೆಕ್ಟ್ ಮಾಡಬೇಕೋ, ಮೊದಲು ಲೇಯರ್ ತೆರೆ. ಲೇಯರ್ ತೆರೆಯಬೇಕೋ, ಬೀಗ ಬಿಚ್ಚು. ಚಿರೋಟಿಯ ಹಾಗೆ ಪದರದ ಮೇಲೆ ಪದರ. ನಾನು ಒಂದು ಪದರದಲ್ಲಿ ಅಕ್ಕನ ಸೀರೆಗೆ ಬಣ್ಣ ಹಚ್ಚುತ್ತಿದ್ದೇನೆಂದು ತಿಳಿದುಕೊಂಡಿದ್ದೆ. ಅದು ಇನ್ನೊಂದು ಪದರಕ್ಕೆ ಇಳಿದು ಭಾವನ ನರೆತ ತಲೆ ದಾಳಿಂಬೆ ಕೆಂಪಾಗಿತ್ತು. ಇರಲಿ. ಬಣ್ಣ ತಾಳೆ ನೋಡಲು ಸೀರೆಯನ್ನು ಮಾನಿಟರಿನ ಸುತ್ತ ಉಡಿಸಿ, ಸೆರಗನ್ನು ಸಿಪಿಯು ಮೇಲೆ ಹರಡಿ, ಪಿನ್ನು ಚುಚ್ಚಿ ಕಣ್ಣು ಕಿರಿದು ಮಾಡಿ ಕುಳಿತಿದ್ದಾಗ ಪದ್ಮಾವತಿಗಾರು ಮೊಸರಿಗೆ ಹೆಪ್ಪು ಕೇಳಲು ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದರು. “ಏಮಂಡೀ, ಕಂಪ್ಯೂಟರ್‌ಕಿ ಪೂಜಾನಾ?” ಹೌದೆಂದುಬಿಟ್ಟೆ. ವಿವರಿಸುವುದು ಇನ್ನೂ ಕಷ್ಟವಿತ್ತು. ಪಾಪ, ಪ್ರಸಾದ ಸಿಗುವುದೇನೋ ಎಂದು ಸ್ವಲ್ಪ ಹೊತ್ತು ನಿಂತಿದ್ದು ಹೋದರು.

ಕೊನೆಗೆ ಲಿಂಗಂಪಲ್ಲಿಯಲ್ಲಿರುವ ಮೇಘನಾಗೇ ಫೋನು ಮಾಡಿದೆ. ಆಫೀಸಿಗೆ ಹೋಗುವ ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಅವಳು ಗಂಡನ ಚಿಕ್ಕಮ್ಮನಾದ ನನಗೆ ಜ್ಞಾನೋಪದೇಶ ಮಾಡಿದಳು. “ಮೌಶೀ, ನೀವು ಮೂರು ಕಡಿ ಮೂರು ಹಾಕ್ಕೊಂಡು ಯಾಕ ಒದ್ದಾಡಾಕತ್ತೀರಿ? ಫೋನು, ಟ್ಯಾಬು, ಕಂಪ್ಯೂಟರು ಎಲ್ಲಾದ್ರಾಗೂ ನಡಿಯೂದು ಒಂದs ಐತಿ. ಒಂದ ಕಡಿ ತಿದ್ದಿ ಸೇವ್ ಮಾಡಿದ್ರ ಸಾಕು, ಎಲ್ಲಾ ಕಡಿ ತಾನs ತಿದ್ದತೈತಿ.” ಲಿಂಕ್ ಕಳಿಸಿದಳು, ಅಕ್ಕನ ಟ್ಯಾಬಿನಲ್ಲೂ ಹಾಕಿಸಿಕೊಟ್ಟಳು. ಕುಂಕುಮ ಮುಟ್ಟದ, ಬಿರಿಯಾನಿ ತೋರಿಸದ, ಬೀಗ ಹಾಕದ ಸಾಫ್ಟ್‌ವೇರು! ನನಗೆ ಮೋಕ್ಷ ಸಿಕ್ಕಷ್ಟು ಸಂತೋಷವಾಯಿತು. ಟವೆಲ್ಲು ತೆಗೆದೆ. ಸೀರೆಯನ್ನು ದಾಳಿಂಬೆಗೆ ತಂದೆ. ಸಿಲಿಂಡರನ್ನು ಕೊನೆಗೆ ನೋಡೋಣವೆಂದು ಬಿಟ್ಟು, ಷೋಕೇಸಿನ ಗಾಜಿನ ಬಿಳಿ ಕಲೆಯನ್ನು ಒರೆಸಿದೆ. ಒಂದೇ ಉಜ್ಜಿಗೆ ಹೋಯಿತು. ಸೇವ್ ಮಾಡಿ ಚಹಾಕ್ಕೆ ಎದ್ದೆ.

ಬಂದು ನೋಡುತ್ತೇನೆ, ಕಲೆ ಅಲ್ಲೇ ಇದೆ.

ಸೇವ್ ಆಗಿಲ್ಲವೇನೋ ಎಂದುಕೊಂಡು ಮತ್ತೆ ಒರೆಸಿದೆ. ಬಟ್ಟೆ ಒಣಹಾಕಿ ಬಂದೆ. ಕಲೆ ಇದೆ! ಈ ಸಲ ಹಟ ಹಿಡಿದು ಸುತ್ತಲಿನ ಗಾಜನ್ನೂ ಸೇರಿಸಿ ಒರೆಸಿದೆ. ಊಟ ಮಾಡಿ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಗಾಜೂ ವಾಪಸು, ಕಲೆಯೂ ವಾಪಸು. ಟವೆಲ್ಲು ಮಾತ್ರ ಬಂದಿರಲಿಲ್ಲ, ಸೀರೆಯ ಬಣ್ಣ ಮಾತ್ರ ಕೆಟ್ಟಿರಲಿಲ್ಲ. ಆ ಕಲೆಯೊಂದೇ ಹೆಸರಿಟ್ಟು ಕರೆದ ಹಾಗೆ ಮರಳಿ ಬರುತ್ತಿತ್ತು. ಕಾನ್ವೆಂಟಿನಲ್ಲಿ ಕಲಿತ ಒಂದೆರಡು ಪ್ರಾರ್ಥನೆಗಳು ನನ್ನ ಬಾಯಿಗೆ ತಾವಾಗಿಯೇ ಬಂದವು, ಅದರ ಹಿಂದೆಯೇ ರಾಮರಕ್ಷೆಯೂ ಬಂತು. ಎರಡೂ ಕಡೆಯ ದೇವರನ್ನು ಎಬ್ಬಿಸಿ ಆಮೇಲೆ ಮೇಘನಾಗೆ ಫೋನು ಹಚ್ಚಿದೆ.

ಅವಳು ನಗೆ ತಡೆದುಕೊಂಡು ಹೇಳಿದಳು. “ಮೌಶೀ, ದೆವ್ವ ಅಲ್ರಿ. ಯಾರೋ ಅತ್ತಿಯವರ ಟ್ಯಾಬ್‌ನಿಂದ ಅನ್‌ಡೂ ಮಾಡಾಕತ್ತಾರ.”

ಮರುದಿನ ಹೇಳದೆ ಕೇಳದೆ ನಾರಾಯಣಗೂಡಕ್ಕೆ ಹೋದೆ. ಭಾವ ಆರಾಮ ಕುರ್ಚಿಯಲ್ಲಿ ಟ್ಯಾಬು ತೊಡೆಯ ಮೇಲಿಟ್ಟುಕೊಂಡು, ಬೆರಳು ಆಡಿಸುತ್ತ ಕುಳಿತಿದ್ದರು. ಪ್ರವಚನ ಗೋಡೆಯ ಹಿಂದಿನ ಅಡುಗೆಮನೆಯಲ್ಲಿ ಅಕ್ಕನ ಫೋನಿನಲ್ಲಿ ನಡೆಯುತ್ತಿತ್ತು.

“ನೀವs ಏನ್ರಿ ಭಾವ!” ಎಂದೆ. “ನಿನ್ನಿ ಇಡೀ ದಿನ ನನ್ನ ಜೀವಾ ತಿಂದ್ರಲ್ಲ!”

“ಮತ್ತ ನೀ ಆ ಮುದುಕೀನ್ನ ಯಾಕ ಅಳಿಸಾಕತ್ತೀ? ಅಳಿಸ್ತೀ, ನಾ ತರತೀನಿ. ಅಳಿಸ್ತೀ, ನಾ ತರತೀನಿ. ನನಗರೆ ಬ್ಯಾರೆ ಏನು ಕೆಲಸೈತಿ?”

“ಯಾವ ಮುದುಕಿ?”

ಅವರು ಎರಡು ಬೆರಳಿನಿಂದ ಕಲೆಯನ್ನು ಹಿಗ್ಗಿಸಿದರು. ಕಲೆ ಹಿಗ್ಗಿತು, ಕೈಕಾಲು ಮೂಡಿತು. ಷೋಕೇಸಿನ ಗಾಜಿನಲ್ಲಿ ಬಿಳಿ ಕಾಟನ್ ಸೀರೆ ಉಟ್ಟ ಒಬ್ಬಳು ಮುದುಕಿ ನಿಂತಿದ್ದಾಳೆ. ಒಂದು ಕನ್ನಡಕ ಹಣೆಯ ಮೇಲೆ, ಒಂದು ಮೂಗಿನ ಮೇಲೆ, ಒಂದು ಕುತ್ತಿಗೆಯಲ್ಲಿ ಜೋತುಬಿದ್ದಿದೆ. ಫೋನನ್ನು ಆರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಎತ್ತಿದ್ದಾಳೆ. ಸೂಜಿಗೆ ದಾರ ಪೋಣಿಸುವವರ ಹಾಗೆ ನಾಲಗೆ ಪೂರ್ತಿ ಹೊರಗೆ ಬಂದಿದೆ. ನಾನು. ಅಷ್ಟೂ ಹೊತ್ತು ನನ್ನನ್ನೇ ಸುಣ್ಣದ ಕಲೆಯೆಂದು ತಿಳಿದು ಉಜ್ಜಿ ಉಜ್ಜಿ ತೆಗೆಯುತ್ತಿದ್ದೆ.

“ನಾ ನಕ್ಕಿದ್ದು ಯಾಕಂತ ಮಾಡೀ?” ಎಂದರು ಭಾವ. “ಕಾನ್ವೆಂಟಿನ್ಯಾಗ ಕಲತ ಲೇಡಿ ನಾಲಿಗಿ ತಗದು ನಿಂತಾಳ, ನಗಬಾರದೇನು?”

ನಾನು ಕೆಂಪಾದೆ. ಈ ವಯಸ್ಸಿನಲ್ಲಿ ಕೆಂಪಾಗಲು ಯಾವ ಸಾಫ್ಟ್‌ವೇರೂ ಬೇಡ. ಏನೇ ಆಗಲಿ ಇದನ್ನು ತೆಗೆಯಲೇಬೇಕು, ಬಳಗವೆಲ್ಲ ನೋಡುವ ಫೋಟೋ ಎಂದು ಪಟ್ಟು ಹಿಡಿದೆ. ಅಷ್ಟರಲ್ಲಿ ಅಕ್ಕ ಸೌಟು ಹಿಡಿದೇ ಬಂದಳು. ನೋಡಿದಳು. “ಇಂದೂ, ನೀ ಹೋದ್ರ ಅವ್ರು ಯಾಕ ನಗಾಕತ್ತಾರ ಅಂತ ಮಂದಿಗೆ ಹೆಂಗ ತಿಳೀಬೇಕು? ಒಬ್ರs ನಕ್ಕೊಂಡು ಕೂತಾರ, ತಲಿ ಕೆಟ್ಟೈತಿ ಅಂತಾರ. ನೀ ಇರು,” ಎಂದಳು. ಮರುಕ್ಷಣವೇ ಅವಳ ಮುಖ ಇಳಿಯಿತು. ಸೌಟಿನ ತುದಿಯಿಂದ ಎಣಿಸಿದಳು. “ಅಯ್ಯ, ಮೂರು ಮಂದಿ ಆಗತೈತಲ್ಲs!”

ನಮ್ಮಲ್ಲಿ ಮೂವರು ಸೇರಿ ಫೋಟೋ ತೆಗೆಸಿಕೊಳ್ಳುವುದಿಲ್ಲ, ಆಯುಷ್ಯಕ್ಕೆ ಒಳ್ಳೆಯದಲ್ಲ ಎಂದು. ಮೂವರೇ ಊರಿಗೆ ಹೊರಟರೆ ನಾಲ್ಕನೆಯವರಾಗಿ ಒಂದು ಅಡಿಕೆಯನ್ನಾದರೂ ಚೀಲಕ್ಕೆ ಹಾಕಿಕೊಳ್ಳುವ ಮಂದಿ ನಾವು. ಕಾನ್ವೆಂಟಿನಲ್ಲಿ ತಂದೆ, ಮಗ, ಪವಿತ್ರಾತ್ಮ ಎಂದು ಮೂರಕ್ಕೆ ಮಂಡಿಯೂರಿ, ಮನೆಗೆ ಬಂದು ಮೂರಕ್ಕೆ ಹೆದರಿ ಬೆಳೆದವಳು ನಾನು. ಎರಡೂ ಕಡೆ ಭಕ್ತಿಯಿದೆ, ಆದ್ದರಿಂದ ಯಾವ ಕಡೆಯೂ ವಾದಿಸಲಾರೆ. ನನ್ನನ್ನು ತೆಗೆದರೆ ನಗೆಗೆ ಕಾರಣವಿಲ್ಲ, ಇಟ್ಟುಕೊಂಡರೆ ಅಪಶಕುನ. ಅಕ್ಕ ಕುರ್ಚಿಯಲ್ಲಿ ಕುಸಿದು ಕುಳಿತಳು. ಇಷ್ಟು ವರ್ಷಕ್ಕೆ ಸಿಕ್ಕಿದ ಒಂದೇ ಒಂದು ನಗು, ಅದೂ ಕೈತಪ್ಪಿ ಹೋಗುತ್ತದಲ್ಲ ಎಂಬ ಹಾಗೆ ಟ್ಯಾಬನ್ನು ಮಡಿಲಿಗೆ ಎಳೆದುಕೊಂಡಳು.

ಭಾವ ಗಂಟಲು ಸರಿಮಾಡಿಕೊಂಡರು. “ನಾಲ್ಕನೇದು ಐತಲ್ಲ ಅಲ್ಲೇ.”

“ಎಲ್ಲೈತ್ರಿ?”

“ಸಿಲಿಂಡರು. ಅವತ್ತ ಬಂದ ಕೂಡಲೇ ನೀನs ಅದಕ್ಕ ಅರಿಷಿಣ ಕುಂಕುಮ ಹಚ್ಚಿದಿಲ್ಲೋ? ಹಿಗ್ಗಿಸಿ ನೋಡು, ಕಾಣತೈತಿ. ಕುಂಕುಮ ಹಚ್ಚಿಸಿಕೊಂಡದ್ದು ಮನೀ ಮಂದಿನs.”

ಅಕ್ಕ ಹಿಗ್ಗಿಸಿದಳು. ಸಿಲಿಂಡರಿನ ಹೆಗಲ ಮೇಲೆ ಕುಂಕುಮದ ಬೊಟ್ಟು ದುಂಡಗೆ, ಸ್ಪಷ್ಟವಾಗಿ ಇತ್ತು. “ಹೌದು ನೋಡ್ರಿ!” ಎಂದಳು. ಮೂವರೂ ನಕ್ಕೆವು. ನಗುತ್ತ ನಗುತ್ತ ಅಕ್ಕನ ಸೌಟಿನ ಸಾರು ಟ್ಯಾಬಿನ ಮೇಲೆ ಬಿತ್ತು. ಅದನ್ನು ಸೆರಗಿನಿಂದ ಒರೆಸುವಾಗ ಬೆರಳು ತಾಗಿ ಫೋಟೋ ಕಪ್ಪುಬಿಳುಪಾಗಿ, ಅದನ್ನು ಮತ್ತೆ ಬಣ್ಣಕ್ಕೆ ತರುವಷ್ಟರಲ್ಲಿ ಒಳಗೆ ಬೇಳೆ ತಳ ಹಿಡಿಯಿತು. ಯಾರಿಗೂ ಬೇಸರವಾಗಲಿಲ್ಲ.

ಹೀಗೆ, ಹಾಳುಮೂಳನ್ನು ತೆಗೆಯಲೆಂದು ಆರಿಸಿ ಆರಿಸಿ ಹಾಕಿಕೊಂಡ ಸಾಫ್ಟ್‌ವೇರನ್ನು ಗಾಜಿನೊಳಗಿನ ನನ್ನನ್ನು ಎದ್ದು ಕಾಣಿಸಲು ಬಳಸಿದೆ. ಬೆಳಕು ಏರಿಸಿದೆ, ನಾಲಗೆಗೆ ತುಸು ಶಾರ್ಪ್‌ನೆಸ್ ಕೊಟ್ಟೆ. ಕೆನ್ನೆಯ ಸುಕ್ಕಿಗೆ ಮಾತ್ರ ಏನಾದರೂ ಮಾಡೋಣವೇ ಎಂದು ಮೆಲ್ಲಗೆ ಕೇಳಿದ್ದಕ್ಕೆ ಭಾವ ಒಪ್ಪಲಿಲ್ಲ. ವಾರ್ಷಿಕೋತ್ಸವದ ದಿನ ಫೋಟೋ ಹಾಲಿನಲ್ಲಿ, ಗೋಡೆಯ ಮುಕ್ಕಾಲು ಭಾಗ ತುಂಬಿಕೊಂಡು ತೂಗುತ್ತಿತ್ತು. ಅಕ್ಕ ಅದರ ಕೆಳಗೇ ನಿಂತು ಎಲ್ಲರಿಗೂ ಹೋಳಿಗೆ ಬಡಿಸಿದಳು. ಅಲ್ಲಿಗೆ ಬಂದು ಮೇಲೆ ನೋಡದವರಿಗೆ ತುಪ್ಪ ಬೀಳುತ್ತಿರಲಿಲ್ಲ. “ಅಜ್ಜಾರು ಹಿಂಗ ನಗತಾರೇನ್ರಿ?” ಎಂದು ಸೊಸೆಯಂದಿರು ಬಾಯಿ ಬಿಟ್ಟರು. “ಮನ್ಯಾಗ ದಿನಾ ಹಿಂಗs!” ಎಂದಳು ಅಕ್ಕ, ಗೆದ್ದವಳ ದನಿಯಲ್ಲಿ. ಎಲ್ಲರೂ ತಿರುಗಿ ಭಾವನನ್ನು ನೋಡಿದರು. ಫೋನುಗಳು ಮೇಲೆದ್ದವು. ಭಾವ ತಕ್ಷಣ ಸಾಕ್ಷಿ ಹೇಳಲು ನಿಂತುಬಿಟ್ಟರು.

ಭಾವ ಈಗ ಇಲ್ಲ. ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ಯಾರಿಗೂ ತೊಂದರೆ ಕೊಡದೆ ಹೊರಟುಹೋದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದಕ್ಕೆ ಸ್ವಲ್ಪ ದಿನ ಮೊದಲು, ಅವರ ಮನೆಯ ಗೇಟಿನಲ್ಲಿ. ನನ್ನನ್ನು ಕಳಿಸಲು ಮಫ್ಲರ್ ಸುತ್ತಿಕೊಂಡು ಅಕ್ಕನ ಜೊತೆ ಬಂದಿದ್ದರು. ನಾನು ಆಟೋದಲ್ಲಿ ಕುಳಿತು ಕನ್ನಡಕ ತೆಗೆಯಲು ಚೀಲಕ್ಕೆ ಕೈ ಹಾಕಿದೆ. ಫೋನು ತೆಗೆಯುತ್ತಾಳೆಂದು ತಿಳಿದು ಭಾವ ಗೇಟು ಹಿಡಿದು ನೆಟ್ಟಗೆ ನಿಂತು, ಮುಖ ಬಿಗಿದುಕೊಂಡರು. “ಫೋಟೋ ಅಲ್ರೀ ಭಾವ, ಹೊಂಟೀನಿ ಅಷ್ಟs!” ಎಂದು ಕೂಗಿದೆ. ಕೇಳಿಸಲಿಲ್ಲವೋ ಏನೋ, ಹಾಗೇ ಕಾಯುತ್ತ ನಿಂತರು. ಆಟೋದವನು “ಚಲ್ನಾ ಕಿ ನಕ್ಕೋ, ಅಮ್ಮಾ?” ಎಂದು, ಹೊರಡಬೇಕೋ ಬೇಡವೋ ಎಂದು ಗೊಣಗುತ್ತಲೇ ಗಾಡಿ ಎಳೆದ. ನನಗೆ ಬೇರೇನೂ ತೋಚಲಿಲ್ಲ. ಆಟೋದಿಂದ ತಲೆ ಹೊರಗೆ ಹಾಕಿ, ಇದ್ದಷ್ಟೂ ನಾಲಗೆ ಚಾಚಿದೆ. ಅಷ್ಟರಲ್ಲಿ ಆಟೋ ಮೂಲೆ ತಿರುಗಿತು. ಆಮೇಲೆ ಭಾವ ಗೇಟು ಹಿಡಿದುಕೊಂಡು ಭಾಳ ಹೊತ್ತು ನಕ್ಕರು ಅನ್ನುತ್ತಾಳೆ ಅಕ್ಕ. ನಾನು ನೋಡಲಿಲ್ಲ. ಅವಳು ಹೇಳಿದ್ದನ್ನು ನಂಬಿದ್ದೇನೆ. ನಾನು ನೋಡಿದ್ದು, ತಾರ್ನಾಕದವರೆಗೂ ಕನ್ನಡಿಯಲ್ಲಿ ನನ್ನನ್ನು ದಿಟ್ಟಿಸುತ್ತಲೇ ಬಂದ ಆಟೋದವನನ್ನು.